ಅಣ್ಣನನ್ನು ಹೆಗಲ ಮೇಲೆ ಹೊತ್ತ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ನ್ಯಾಮತಿಯಲ್ಲಿ ಆಟವೆಂದರೆ ಕುಸ್ತಿ. ಮಿಕ್ಕದ್ದೆಲ್ಲ ಮಕ್ಕಳಾಟ. ಅಪ್ಪ ಹರೆಯದಲ್ಲಿ ಕುಸ್ತಿ ಆಡಿದವರು. ಅಂಗಡಿಯಲ್ಲಿ ಬೆಲ್ಲ ತೂಗುವಾಗಲೂ ಅವರ ಬಾಯಲ್ಲಿ ಕುಸ್ತಿಯ ಪಟ್ಟುಗಳ ಹೆಸರೇ ಬರುತ್ತಿತ್ತು. ಕಣದ ಹತ್ತಿರ ಹೆಣ್ಣುಮಕ್ಕಳು ಸುಳಿಯುವಂತಿರಲಿಲ್ಲ. ಹಾಗಾಗಿ ಕುಸ್ತಿಯ ಬಗ್ಗೆ ನನಗೆ ತಿಳಿದಿದ್ದು ಅಪ್ಪ ದಿನಕ್ಕೊಮ್ಮೆ ಹೇಳುತ್ತಿದ್ದ ಒಂದೇ ಸಂಗತಿ. ಬೆನ್ನು ಮಣ್ಣಿಗೆ ಹತ್ತಿದರೆ ಸೋತ ಹಾಗೆ, ಅದಕ್ಕಿಂತ ದೊಡ್ಡ ಅವಮಾನ ಗಂಡಸಿಗೆ ಇನ್ನೊಂದಿಲ್ಲ.

ಅಣ್ಣ ಮಾತ್ರ ಗರಡಿಮನೆಗೆ ಹೋಗಲಿಲ್ಲ. ಓದಲೆಂದು ಹೈಸ್ಕೂಲಿಗೆ ಹೋದವನು ಅಲ್ಲಿ ಫುಟ್‌ಬಾಲ್ ಹುಚ್ಚು ಹಚ್ಚಿಕೊಂಡು ಬಂದ. ಆಗ ಯುದ್ಧದ ಕಾಲ, ಹೊಸ ಚೆಂಡು ಎಲ್ಲಿಂದ ಬರಬೇಕು? ಹಳೆಯದಕ್ಕೇ ಸೈಕಲ್ ಟ್ಯೂಬಿನ ತೇಪೆ ಹಾಕಿ, ಹೊಲಿಸಿ, ಬರಿಗಾಲಲ್ಲಿ ಆಡುತ್ತಿದ್ದರು. ಅದನ್ನು ಕಂಡರೆ ಅಪ್ಪ ಮೂಗು ಮುರಿಯುತ್ತಿದ್ದರು. "ಗಂಡಸು ಗಂಡಸನ್ನ ಹಿಡೀಬೇಕು. ತೊಗಲಿನ ಉಂಡೆ ಹಿಂದೆ ಓಡಾಕೆ ಅದೇನು ಕುರಿಮರಿಯೇನೋ?" ಅಣ್ಣ ಎದುರು ಮಾತಾಡುತ್ತಿರಲಿಲ್ಲ. ಅಪ್ಪ ಒಂದೇ ಒಂದು ಸಲ ಬಂದು ತನ್ನ ಆಟ ನೋಡಲಿ ಎಂಬ ಆಸೆ ಅವನಿಗಿತ್ತು. ಅದನ್ನು ಅವನು ಹೇಳಿದ್ದು ನನಗೊಬ್ಬಳಿಗೇ.

ಆ ವರ್ಷ ಹೊನ್ನಾಳಿಯಲ್ಲಿ ನಮಗೂ ಚನ್ನಗಿರಿಯವರಿಗೂ ಪಂದ್ಯ ಬಿತ್ತು. ಊರಿನ ಮಾನದ ಮಾತು ಬಂದ ಮೇಲೆ ಅಪ್ಪ ಮನೆಯಲ್ಲಿ ಕೂರುವವರಲ್ಲ. ಗರಡಿಯವರನ್ನೆಲ್ಲ ಕಟ್ಟಿಕೊಂಡು, ಹಲಿಗೆ ಬಡಿಯುವವರನ್ನೂ ಗಾಡಿ ಹತ್ತಿಸಿಕೊಂಡು ಬೆಳಗ್ಗೆಯೇ ಹೊರಟರು. ಫುಟ್‌ಬಾಲಿಗೆ ಹೆಣ್ಣುಮಕ್ಕಳು ಬರಬಾರದೆಂದು ಯಾರೂ ಹೇಳಿರಲಿಲ್ಲ ನೋಡಿ, ನಾನೂ ಹಟ ಹಿಡಿದು ಗಾಡಿ ಹತ್ತಿದೆ. ಅಣ್ಣ ದಾರಿಯುದ್ದಕ್ಕೂ ಅಪ್ಪನನ್ನೇ ಕದ್ದು ಕದ್ದು ನೋಡುತ್ತಿದ್ದ.

ಅಷ್ಟು ಜನರನ್ನು ನಾನು ಒಂದೇ ಕಡೆ ಕಂಡದ್ದು ಅದೇ ಮೊದಲು. ಬಯಲಿನ ಸುತ್ತ ಎತ್ತು ಬಿಚ್ಚಿದ ಗಾಡಿಗಳೇ ಬೇಲಿ. ಗಾಡಿಯ ಮೇಲೆ ಜನ, ಹುಣಸೆ ಮರದ ಮೇಲೆ ಜನ. ಮಿರ್ಚಿ ಕರಿಯುವ ಎಣ್ಣೆಯ ಘಾಟು, ಬೀಡಿ ಹೊಗೆ, ಕಾದ ಧೂಳಿನ ವಾಸನೆ ಎಲ್ಲ ಸೇರಿ ಮೂಗಿಗೆ ಅಡರುತ್ತಿತ್ತು. ಚನ್ನಗಿರಿಯವರು ಕಹಳೆ ಊದಿದರೆ ನಮ್ಮವರು ಹಲಿಗೆ ಬಡಿಯುತ್ತಿದ್ದರು. ನಮ್ಮವರಿಗೆ ಈ ಆಟದ ಒಂದು ನಿಯಮವೂ ಗೊತ್ತಿರಲಿಲ್ಲ. ಬಾಯಿಗೆ ಬಂದದ್ದೆಲ್ಲ ಕುಸ್ತಿಯ ಮಾತೇ. "ಪಟ್ಟು ಬಿಡಬ್ಯಾಡ್ರೋ!" "ಎದೆ ಮ್ಯಾಲೆ ಕೂರೋ!" ಆಟ ನಡೆಸುತ್ತಿದ್ದ ಮೇಷ್ಟರು ನಗು ತಡೆಯಲಾರದೆ ಸೀಟಿ ಊದುವುದನ್ನೇ ಮರೆತರು. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಬಿಸಿಲು ಇಳಿಯುವವರೆಗೂ ಯಾರಿಗೂ ಗೋಲು ಸಿಗಲಿಲ್ಲ. ಕೊನೆಗೆ ಚೆಂಡು ಅಣ್ಣನ ಕಾಲಿಗೆ ಬಂತು. ಎದುರಿನಿಂದ ಚನ್ನಗಿರಿಯ ದಪ್ಪನೆಯ ಆಳೊಬ್ಬ ಓಡಿ ಬರುತ್ತಿದ್ದ. ಅಣ್ಣ ಒದ್ದ, ಚೆಂಡು ಗೋಲಿಗೆಂದು ನೆಟ್ಟಿದ್ದ ಎರಡು ಗಳುಗಳ ನಡುವೆ ನುಗ್ಗಿತು. ಅದೇ ಗಳಿಗೆಗೆ ಆ ಆಳು ಬಂದು ಅಪ್ಪಳಿಸಿದ. ಇಬ್ಬರೂ ಉರುಳಿದರು. ಅವನು ಎದ್ದು ನಿಂತ. ಅಣ್ಣ ಅಂಗಾತ ಬಿದ್ದೇ ಇದ್ದ.

ಅವನನ್ನು ಹಾಗೆಯೇ ಬಿಟ್ಟಿದ್ದರೆ ಚೆನ್ನಾಗಿತ್ತು, ಮಕ್ಕಳೇ. ಆದರೆ ಅಪ್ಪನ ಕಣ್ಣಿಗೆ ಕಂಡದ್ದು ಬೇರೆ. ಗೆದ್ದ ಮಗನ ಬೆನ್ನು ಮಣ್ಣಿಗೆ ಹತ್ತಿದೆ, ಎರಡು ಊರಿನ ಜನ ಅದನ್ನು ನೋಡುತ್ತಿದ್ದಾರೆ. "ಎತ್ರೋ ಅವನ್ನ! ನನ್ ಮಗನ ಬೆನ್ನು ನೆಲಕ್ಕೆ ಹತ್ತಾಕೆ ಬಿಡಬ್ಯಾಡ್ರೋ!" ಎಂದು ಕೂಗುತ್ತ ಅಪ್ಪ ಓಡಿದರು. ಗರಡಿಯವರೂ ಹಿಂದೆಯೇ ನುಗ್ಗಿದರು. ತೋಳು ಹಿಡಿದು ಎಳೆದರು, ಕಾಲು ಹಿಡಿದು ಎತ್ತಿದರು, ಅಪ್ಪನ ಹೆಗಲ ಮೇಲೆ ಕೂರಿಸಿದರು. ಗೆದ್ದ ಪೈಲ್ವಾನನನ್ನು ಮೆರೆಸುವ ಹಾಗೆ ಬಯಲು ಸುತ್ತಲು ಹೊರಟರು. ರುಮಾಲುಗಳು ಮೇಲೆ ಹಾರಿದವು, ಅಪ್ಪನದೂ ಹಾರಿತು. ಹಲಿಗೆಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಅಪ್ಪ ಖುಷಿಗೆ ಅಳುತ್ತಿದ್ದರು.

ನಮ್ಮ ಗಾಡಿಯ ಮುಂದೆ ಬಂದಾಗ ನಾನು ಅಣ್ಣನನ್ನು ನೋಡಿದೆ. ಬಾಯಿ ಅಗಲವಾಗಿ ತೆರೆದಿತ್ತು. ಎರಡೂ ಕೈಯಲ್ಲಿ ಅಪ್ಪನ ಕೂದಲು ಹಿಡಿದಿದ್ದ. ಅವನೂ ಎಲ್ಲರ ಹಾಗೆ ಕೂಗುತ್ತಿದ್ದಾನೆ ಎಂದುಕೊಂಡು ನಾನೂ ಕೂಗಿದೆ. ಬಲಗಾಲಿನ ಪಾದ ಅಡ್ಡಡ್ಡ ತೂಗಾಡುತ್ತಿದ್ದುದು ಕಾಣಿಸಿತು. ಮಗ ಜಾರಬಾರದೆಂದು ಅಪ್ಪ ಆ ಕಾಲನ್ನೇ ಬಿಗಿಯಾಗಿ ಹಿಡಿದಿದ್ದರು. ಅದನ್ನು ನೋಡಿಯೂ ನಾನು ಚಪ್ಪಾಳೆ ತಟ್ಟಿದೆ. ಮೂರನೆಯ ಸುತ್ತಿನಲ್ಲಿ ಅಣ್ಣ ಮೂರ್ಛೆ ಹೋಗಿ ಅಪ್ಪನ ತಲೆಯ ಮೇಲೆ ಬಾಗಿದ. ಆಮೇಲೆಯೇ ಹಲಿಗೆ ನಿಂತದ್ದು.

ಮೂಳೆ ಕಟ್ಟುವ ಅಜ್ಜನ ಮನೆಗೆ ಗಾಡಿಯಲ್ಲಿ ಮಲಗಿಸಿಕೊಂಡು ಹೋದೆವು. ಅಜ್ಜ ಕಾಲು ಮುಟ್ಟಿ ನೋಡಿ ತಲೆ ಆಡಿಸಿದ. "ಮುರಿದದ್ದು ಒಂದು ಕಡೆ. ಎಳೆದಾಡಿ ಚೂರು ಮಾಡ್ಯಾರೆ. ಬಿದ್ದಲ್ಲೇ ಬಿಟ್ಟಿದ್ರೆ ನೆಟ್ಟಗೆ ಕೂಡಿಸಬೋದಿತ್ತು. ಎತ್ತಿದೋರು ಯಾರು?"

"ನಾನೇ," ಎಂದರು ಅಪ್ಪ.

ಹಲ್ಲು ಕಚ್ಚಿಕೊಂಡು ಮಲಗಿದ್ದ ಅಣ್ಣ ಕಣ್ಣು ಬಿಟ್ಟು ಹೇಳಿದ. "ಬಿಡಪ್ಪಾ, ನಿಂಗೇನು ಗೊತ್ತಿತ್ತು. ಗೋಲು ಹೆಂಗಿತ್ತು, ಅದನ್ನ ಹೇಳು." ಅಪ್ಪ ಹೆಗಲ ವಸ್ತ್ರ ಮುಖಕ್ಕೆ ಒತ್ತಿಕೊಂಡು ಹೊರಗೆ ಹೋದರು.

ಕಾಲು ಸೊಟ್ಟಗೆ ಕೂಡಿತು. ಅಣ್ಣ ಬದುಕಿದಷ್ಟು ದಿನವೂ ಕೋಲು ಹಿಡಿದೇ ನಡೆದ. ಮತ್ತೆ ಚೆಂಡು ಮುಟ್ಟಲಿಲ್ಲ. ಅಪ್ಪ ಗರಡಿಯ ಕಡೆ ಹೋಗುವುದನ್ನು ಬಿಟ್ಟರು, ಕುಸ್ತಿಯ ಮಾತನ್ನೂ ಬಿಟ್ಟರು.

ಮೊನ್ನೆ ನಿಮ್ಮ ಶಾಲೆಯ ಪಂದ್ಯಕ್ಕೆ ನನ್ನನ್ನೂ ಕರೆದೊಯ್ದು ಕುರ್ಚಿ ಹಾಕಿ ಕೂರಿಸಿದಿರಿ. ನಿಮಗೆ ಕಾಲಿಗೆ ಬೂಟು, ಮೈಗೆ ಬಣ್ಣಬಣ್ಣದ ಅಂಗಿ, ಹುಲ್ಲು ಬೆಳೆದ ಮೈದಾನ. ಹೆಣ್ಣುಮಕ್ಕಳೂ ಆಡುತ್ತಿದ್ದರು, ನೋಡಿ ಸಂತೋಷವಾಯಿತು. ಅಷ್ಟರಲ್ಲಿ ಒಬ್ಬ ಹುಡುಗಿ ಬಿದ್ದಳು. ಆಟ ನಿಂತಿತು, ಎಲ್ಲರೂ ಹಿಂದೆ ಸರಿದರು. ಟೀಚರ್ ಬಂದು ಪಕ್ಕದಲ್ಲಿ ಮಂಡಿಯೂರಿ, ಅವಳನ್ನು ಮುಟ್ಟುವುದಕ್ಕೂ ಮೊದಲು, "ಎಲ್ಲಿ ನೋವು?" ಎಂದು ಕೇಳಿದರು. ಅಜ್ಜಿ ಯಾಕೆ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ ಎಂದು ನೀವು ವಿಚಾರಿಸಿದಿರಿ. ಧೂಳು ಬಿತ್ತು ಎಂದು ಸುಳ್ಳು ಹೇಳಿದೆ. ಅಂದು ಹೊನ್ನಾಳಿಯ ಬಯಲಿನಲ್ಲಿ ಅಣ್ಣನನ್ನು ಪ್ರೀತಿಸುವವರು ಅಷ್ಟೊಂದು ಜನ ಇದ್ದೆವು. ಅವನನ್ನು ಹಾಗೆ ಕೇಳಿದವರು ಒಬ್ಬರೂ ಇರಲಿಲ್ಲ. ನಾನೂ ಕೇಳಲಿಲ್ಲ.