ಮಜ್ಜಿಗೆಯಲ್ಲಿ ನೆನೆದ ಸಿಪ್ಪೆ

ಅಪ್ಪಯ್ಯನ ಹೊಟ್ಟೆಹುಣ್ಣಿಗೆ ಹೊನ್ನಾವರದ ಪಂಡಿತರು ಬಾಳೆಕಾಯಿ ಸಿಪ್ಪೆಯ ಕಷಾಯ ಹೇಳಿದಾಗ ಅಡ್ಡ ನಿಂತವನು ನಾನೇ. ಅರವತ್ತರ ದಶಕದ ನಡುವಿನ ಮಾತು. ಆಗ ಕುಮಟೆಯಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಪ್ರಯೋಗಶಾಲೆಯ ಬೀಗದ ಕೈ ಕಿಸೆಯಲ್ಲಿದ್ದವನಿಗೆ ಇರುವಷ್ಟು ಜಂಬವೂ ಇತ್ತು. ಸಿಪ್ಪೆಯ ಸಾರವನ್ನು ಮೊದಲು ಬಿಳಿ ಇಲಿಗಳಿಗೆ ಕುಡಿಸಿ ನೋಡುತ್ತೇನೆ, ಅವಕ್ಕೆ ಏನೂ ಆಗದಿದ್ದರೆ ನೀವು ಕುಡಿಯಿರಿ ಎಂದೆ. ಹೊಟ್ಟೆ ಹಿಡಿದುಕೊಂಡೇ ಅಪ್ಪಯ್ಯ ಒಪ್ಪಿದರು.

ಮಿರ್ಜಾನದ ಮನೆಯಿಂದ ಅಮ್ಮ ದಿನವೂ ಸಿಪ್ಪೆ ಕಟ್ಟಿಕೊಡುತ್ತಿದ್ದಳು. ಅದನ್ನು ಜಜ್ಜಿ, ಕುದಿಸಿ, ಸೋಸಿ, ಆರು ಇಲಿಗಳ ಗಂಟಲಿಗೆ ಸಣ್ಣ ನಳಿಕೆಯಿಂದ ಬಿಡುತ್ತಿದ್ದೆ. ಉಳಿದ ಆರಕ್ಕೆ ಬರೀ ನೀರು. ತಿಂಗಳಾದರೂ ಒಂದೂ ಸೊರಗಲಿಲ್ಲ. ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಪಂಜರದ ತಂತಿಗೆ ಮೂತಿ ಒತ್ತುತ್ತಿದ್ದವು. ಕೊನೆಗೆ ಹನ್ನೆರಡಕ್ಕೂ ಈಥರ್ ಕೊಟ್ಟು, ಕೊಯ್ದು, ಯಕೃತ್ತು, ಮೂತ್ರಪಿಂಡ ನೋಡಿದೆ. ಎಲ್ಲ ನೆಟ್ಟಗಿದ್ದವು. ಅಂದು ನನಗೆ ಊಟ ಸೇರಲಿಲ್ಲ. ಇನ್ನು ಕುಡಿಯಬಹುದು ಎಂದಷ್ಟೇ ಅಪ್ಪಯ್ಯನಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಅವರು ತಾವೇ ಸಿಪ್ಪೆ ಕುದಿಸಿಕೊಂಡು ಲೋಟ ಎತ್ತಿದರು. ಕಪ್ಪಗಿದ್ದ ಕಷಾಯ ಕಂಡು ಅಮ್ಮ ಕೇಳಿದಳು, “ಇದೆಂತ, ಚೊಗರು ತೆಗೆಯದೇ ಕುದಿಸಿದ್ದಾ?”

ನಾನು ಅವಳತ್ತ ತಿರುಗಿದೆ. “ಇಲಿಗೆ ಕೊಟ್ಟಿದ್ದು?”

“ಅವಕ್ಕೂ ಬಾಯಿದ್ದಲ್ದಾ, ಪಾಪ! ಪಲ್ಯಕ್ಕೆ ಮಾಡಿದ ಹಾಂಗೇ ಮಜ್ಜಿಗೆ ನೀರಲ್ಲಿ ನೆನೆಸಿ, ತೊಳೆದೇ ಕೊಟ್ಟದ್ದು.”

ಅಪ್ಪಯ್ಯನ ಕೈಯಿಂದ ಲೋಟ ಕಸಿದುಕೊಂಡೆ. ನಾನು ಪರೀಕ್ಷೆ ಮಾಡಿದ್ದು ಈ ಕಷಾಯವನ್ನಲ್ಲ ಎಂದು ಅಮ್ಮನ ಮೇಲೆ ರೇಗಾಡಿದೆ. ತಿಂಗಳಿಡೀ ಸಿಪ್ಪೆ ಇಸಿದುಕೊಂಡು, ಅದಕ್ಕೆ ಏನು ಮಾಡಿದ್ದೀಯೆಂದು ಒಂದು ಮಾತು ಕೇಳದವನು ನಾನು. ಸಿಟ್ಟು ನಿಜಕ್ಕೂ ನನ್ನ ಮೇಲೇ ಇತ್ತು. ಆ ಹನ್ನೆರಡನ್ನೂ ಕೊಯ್ದದ್ದಾಯಿತು, ಇನ್ನು ಎಲ್ಲ ಮೊದಲಿಂದ ಶುರು ಮಾಡಬೇಕು, ಮತ್ತೆ ಹನ್ನೆರಡು ಇಲಿ ತರಿಸಬೇಕು ಎಂದೆ.

ಅಮ್ಮ ತಿರುಗಿ ಬೈಯಲಿಲ್ಲ. “ಹಾಂಗಾದ್ರೆ ಅವು ಸತ್ತದ್ದು ಎಂತಕ್ಕೆ?” ಎಂದಳು.



ಅಪ್ಪಯ್ಯ ಎದ್ದುಬಂದು ನನ್ನ ಕೈಯಲ್ಲಿದ್ದ ಲೋಟ ತೆಗೆದುಕೊಂಡು, ಕಷಾಯವನ್ನು ಅಂಗಳಕ್ಕೆ ಚೆಲ್ಲಿ, ಖಾಲಿ ಲೋಟವನ್ನು ಅಮ್ಮನ ಮುಂದಿಟ್ಟರು. “ಇಲಿಗೆ ಕೊಟ್ಟದ್ದನ್ನೇ ನಂಗೂ ಮಾಡಿಕೊಡು. ಅದರ ಪರೀಕ್ಷೆ ಆತಲ್ದಾ?”

ನಾನು ಮತ್ತೆ ಇಲಿ ತರಿಸಲಿಲ್ಲ. ಟಿಪ್ಪಣಿ ಪುಸ್ತಕ ತೆಗೆದು, ‘ಬಾಳೆಕಾಯಿ ಸಿಪ್ಪೆಯ ಸಾರ’ ಎಂಬ ತಲೆಬರಹದ ಮುಂದೆ ‘ಮಜ್ಜಿಗೆಯಲ್ಲಿ ನೆನೆಸಿ ತೊಳೆದದ್ದು’ ಎಂದು ಬರೆದೆ.