ಹುರಿದ ಮಣ್ಣು

ನಾನು ಚಿಕ್ಕವಳಿದ್ದಾಗ ಮಂಡ್ಯದ ನಮ್ಮ ಕಾನ್ವೆಂಟಿನಲ್ಲಿ ಮೈಕ್ರೋಸ್ಕೋಪ್ ಇರಲಿಲ್ಲ ಮಕ್ಕಳೇ. ಸಿಸ್ಟರ್ ಅದನ್ನು ಕಾಲೇಜಿನಿಂದ ಒಂದೇ ಒಂದು ದಿನಕ್ಕೆ ಕೇಳಿ ತರುವವರಿದ್ದರು. "ಮನೆಯಿಂದ ಒಂದು ಹಿಡಿ ಮಣ್ಣು ತನ್ನಿ. ಬೇಯಿಸಿದ ಆಲೂಗಡ್ಡೆ ಹೋಳಿನ ಮೇಲೆ ಉದುರಿಸಿ ಲೋಟದಲ್ಲಿ ಮುಚ್ಚಿಡೋಣ. ಮಣ್ಣಿನ ಜೀವಾಣುಗಳು ಅದನ್ನು ತಿಂದು ಬೆಳೆಯುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಲು ಬೆಂಚಿಗೆ ಒಬ್ಬರಿಗೆ ಚಾನ್ಸ್, ಯಾರ ಹೋಳಿನ ಮೇಲೆ ಹೆಚ್ಚು ಬೆಳೆದಿದೆಯೋ ಅವರಿಗೆ," ಎಂದರು. ಸಗಣಿ ಗೊಬ್ಬರ ಬಿದ್ದ ಹೊಲದ ಮಣ್ಣೇ ಬೆಸ್ಟ್ ಅಂತಲೂ ಹೇಳಿದರು.

ನನ್ನ ಬೆಂಚಿನಲ್ಲಿದ್ದದ್ದು ನಾನು ಮತ್ತು ಪಕ್ಕದ ಹಳ್ಳಿ ಹೊಳಲಿನ ರೈತರ ಮನೆಯ ಹುಡುಗಿ. ಮೈಕ್ರೋಸ್ಕೋಪ್ ಬರುತ್ತದೆಂದು ತಿಂಗಳಿಂದ ಅವಳಿಗೆ ಅದರದೇ ಜಪ. ಅವತ್ತು ಅವಳ ಬಸ್ಸು ಲೇಟು. ಎಣ್ಣೆ ಜಡೆ, ಏದುಸಿರು. ಬಂದವಳೇ ಪಿಸುಗುಟ್ಟಿದಳು. "ಸಿಸ್ಟರ್ ಏನೇಳುದ್ರೇ? ನಂಗೂ ಸಿಕ್ತದಾ ನೋಡಕ್ಕೆ?"

ನಮ್ಮದು ಕ್ವಾರ್ಟರ್ಸ್, ಇದ್ದದ್ದು ಒಂದು ರೋಸ್ ಕುಂಡ. ಅವರ ಮನೆಯಲ್ಲಿ ಹಟ್ಟಿ ತುಂಬ ದನ.

"ಸಿಗತ್ತೆ ಕಣೇ. ಆದ್ರೆ ಮಣ್ಣು ನೀಟಾಗಿರಬೇಕಂತೆ. ಜರಡಿ ಹಿಡಿದು, ಹುರಿದು ತಾ. ಸಗಣಿ ವಾಸನೆ ಬಂದ್ರೆ ಆಚೆ ಎಸೀತಾರೆ," ಅಂದೆ.

ಮರುದಿನ ಬಾಳೆಲೆಯಲ್ಲಿ ರವೆಯಂಥ ಮಣ್ಣು ತಂದಳು. ಬೆರಳ ತುದಿಯಲ್ಲಿ ಸುಟ್ಟ ಬೊಬ್ಬೆ. "ರೊಟ್ಟಿ ಎಂಚಲ್ಲಿ ನಾನೇ ಉರಿದೆ ಕಣೇ. 'ಮಣ್ಣ ಉರ್ಕಂಡು ತಿಂದೀಯೇನಮ್ಮಿ' ಅಂತ ಅವ್ವ ಬಯ್ದ್ಲು." ಇಬ್ಬರೂ ನಕ್ಕೆವು.

ಐದನೇ ದಿನ ಮುಚ್ಚಳ ತೆಗೆದಾಗ ಕ್ಲಾಸೆಲ್ಲ ಕೊಳೆತ ವಾಸನೆ. ನನ್ನ ಹೋಳಿನ ಮೇಲೆ ಹತ್ತಿಯಂಥ ಬಿಳಿ ಬೂಷ್ಟು, ಹಳದಿ ಲೋಳೆಯ ಚುಕ್ಕಿ. ಅವಳದು ಇಟ್ಟದ್ದು ಇಟ್ಟ ಹಾಗೇ ಇತ್ತು.

"ಡೆಡ್ ಸಾಯಿಲ್! ಇದಕ್ಕೇನು ಮಾಡಿದೆ?" ಎಂದರು ಸಿಸ್ಟರ್.

"ಉರಿದೆ ಸಿಸ್ಟರ್."

"ಇದ್ದವನ್ನೆಲ್ಲ ಕೊಂದು ತಂದೆಯಾ? ಯಾರು ಹೇಳಿಕೊಟ್ಟರು?"

"ಉಪ್ಪು ಖಾರ ಹಾಕಿದ್ಯೇನೇ?" ಹಿಂದಿನಿಂದ ಯಾರೋ ಕೂಗಿದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವಳು ನನ್ನನ್ನೇ ನೋಡಿದಳು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ.

"ಯಾರೂ ಇಲ್ಲ ಸಿಸ್ಟರ್," ಅಂದಳು.

ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಗಾಜಿನಡಿ ಬೆಳ್ಳಿ ದಾರದಂಥ ಎಳೆಗಳು, ತುದಿಯಲ್ಲಿ ಸಣ್ಣ ಸಣ್ಣ ಮಣಿಗಳು. ಸೋ ಬ್ಯೂಟಿಫುಲ್! ಆ ಹೊತ್ತಿಗೆ ಅವಳು ನಲ್ಲಿಯ ಹತ್ತಿರ ನಮ್ಮೆಲ್ಲರ ಲೋಟ ತೊಳೆಯುತ್ತಿದ್ದಳು. ನಾಚಿಕೆ ಬಂದದ್ದು ಎಷ್ಟೋ ವರ್ಷದ ಮೇಲೆ. ಅವತ್ತು ಬರೀ ಖುಷಿಯಾಗಿದ್ದೆ. ಸಂಜೆ ಮೈಕ್ರೋಸ್ಕೋಪ್ ಕಾಲೇಜಿಗೆ ವಾಪಸ್ಸು ಹೋಯಿತು.

ನಿಮ್ಮ ಸ್ಕೂಲ್ ಲ್ಯಾಬಿನಲ್ಲಿ ಈಗ ತಲೆಗೊಂದು ಮೈಕ್ರೋಸ್ಕೋಪ್. ಯಾರೂ ಯಾರಿಗೂ ಸುಳ್ಳು ಹೇಳಬೇಕಿಲ್ಲ. ಎರಡು ನಿಮಿಷ ನೋಡಿ "ಬೋರ್, ಅಜ್ಜಿ" ಎಂದು ಎದ್ದು ಬರುತ್ತೀರಿ. ಅವಳು ಒಮ್ಮೆ ಆ ಸ್ಟೂಲಿನ ಮೇಲೆ ಕೂತಿದ್ದರೆ, ಎಬ್ಬಿಸಲು ಸಿಸ್ಟರೇ ಬಂದು ಕೈ ಹಿಡಿದು ಎಳೆಯಬೇಕಾಗುತ್ತಿತ್ತು.