ಅಕ್ಕನ ಕೊನೇ ಆಸೆಯ ಒಬ್ಬಟ್ಟು

ಗೆಳೆಯರೇ, ಇವತ್ತು ತುಮಕೂರಿನಲ್ಲಿ ಡಾಕ್ಟರು ನನ್ನ ಅಕ್ಕನ ಸ್ಕ್ಯಾನ್ ನೋಡಿ, "ಹೊಟ್ಟೆ ಕ್ಯಾನ್ಸರಲ್ಲೇ ಇದು ಅಪರೂಪದ್ದು. ದಿನಕ್ಕೊಂದು ಮಾತ್ರೆಗೇ ಗಡ್ಡೆ ಅರ್ಧ ಕುಗ್ಗಿದೆ. ಮಾತ್ರೆ ಬಿಡ್ಬೇಡಿ, ಚೆನ್ನಾಗಿ ತಿನ್ನಿ," ಎಂದರು. ನನಗೆ ಅಳು ಬಂತು. ಹೋದ ವರ್ಷ ನನ್ನ ಹೆಂಡತಿ ಹೋದದ್ದೂ ಹೊಟ್ಟೆ ಕ್ಯಾನ್ಸರಿನಲ್ಲೇ. ಅವಳದ್ದು ಬೇರೆ ಬಗೆ, ಕೊನೆಗೆ ಗಂಜಿಯೂ ಇಳಿಯುತ್ತಿರಲಿಲ್ಲ.

ಸುದ್ದಿ ತಿಳಿಸಲು ಅಕ್ಕನ ಊರು ಚೇಳೂರಿಗೆ ಫೋನ್ ಮಾಡಹೋದರೆ ಅಕ್ಕ ಕೈ ಹಿಡಿದಳು.

"ಸುಮ್ನಿರ್ಲಾ! ಕೊನೇ ಆಸೆ ಅಂತ ಬೀದಿಯೋರೆಲ್ಲ ಕೇಳಿದ್ದು ಮಾಡ್ಕೊಡ್ತಾವ್ರೆ. ನಾಳೆ ನಮ್ಮ ನಾದಿನಿ ಒಬ್ಬಟ್ಟು ತತ್ತಾಳೆ. ಮೂವತ್ತು ವರ್ಷದಲ್ಲಿ ಒಂದ್ಲೋಟ ಕಾಫಿ ಕೊಟ್ಟೋಳಲ್ಲ! ಅದನ್ನ ತಿಂದ್ಮೇಲೆ ಹೇಳೀವಂತೆ ಬುಡು."

ಚೇಳೂರಿನವರು ಯಾರಾದರೂ ಇದನ್ನು ಓದಿದರೆ, ನಾಳೆ ಮಧ್ಯಾಹ್ನದವರೆಗೆ ದಯವಿಟ್ಟು ಬಾಯಿ ಬಿಡಬೇಡಿ. ಅಕ್ಕ ನನಗೂ ಎರಡು ಎತ್ತಿಡುತ್ತಾಳಂತೆ.